ಮುದುಕಿಯ ಗಂಡ

"ಎಲ್ಲಿ ಸತ್ತು ಬಿದ್ದಿದ್ದಾಳೆ ನಿಮ್ಮ ಮುದುಕಿ?"

ಕೂಗುತ್ತಲೇ ಮಗ ಟ್ಯಾಂಕರಿನಿಂದ ಕೆಳಕ್ಕೆ ಧುಮುಕಿದ. ಕೈಯಲ್ಲಿ ಮೊಳದುದ್ದದ ಸ್ಪ್ಯಾನರು. ಮನೆ ಮುಂದೆ ನೆರೆದಿದ್ದ ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು. ಆ ಬೀದಿಯವರು ಜಗಳವಿಲ್ಲದೆ ಯಾರಿಗೂ ದಾರಿ ಬಿಟ್ಟವರಲ್ಲ. ಅನುಮಾನ ಅಲ್ಲೇ ಬರಬೇಕಿತ್ತು. ಆದರೆ ಅವನ ತಲೆ ತುಂಬ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತುಗಳೇ ಇದ್ದವು. ಈಗ ಬೇಕಾಯ್ತಾ ನನ್ನ ಕೈ? ಕಿವಿ ಇಲ್ಲದೋನ ಕೈ? ಹೊಸ್ತಿಲು ದಾಟುವಾಗಲೂ ಆ ಮಾತುಗಳು ನಾಲಿಗೆಯ ತುದಿಯಲ್ಲಿ ಕುದಿಯುತ್ತಿದ್ದವು.

ಒಳಗೆ ಮೇಜಿನ ಮೇಲೆ ಅಪ್ಪ ಮಲಗಿದ್ದ.

ದಿನಾ ಊಟಕ್ಕೆ ಕೂರುತ್ತಿದ್ದ ಮೇಜು ಅದು. ಅಪ್ಪನ ಉದ್ದಕ್ಕೆ ಸಾಲದೆ ಪಾದಗಳು ಆಚೆ ಚಾಚಿಕೊಂಡಿದ್ದವು. ಬಲಗಾಲಿನಲ್ಲಿ ಬೂಟು, ಲೇಸು ನೀಟಾಗಿ ಕಟ್ಟಿತ್ತು. ಎಡಗಾಲಿನಲ್ಲಿ ಬರೀ ಕಾಲುಚೀಲ, ಹೆಬ್ಬೆರಳ ಹತ್ತಿರ ತೂತು.

"ಇನ್ನೊಂದು ಬೂಟೆಲ್ಲಿ?" ಎಂದ ಮಗ. ಅಷ್ಟು ದೂರದಿಂದ ಹಲ್ಲು ಕಡಿಯುತ್ತ ಬಂದವನ ಬಾಯಿಂದ ಹೊರಟಿದ್ದು ಅದು.

"ಹಾಕ್ಕೊಳ್ತಾ ಇದ್ರು," ಎಂದಳು ಅಮ್ಮ. ಬೂಟು ಅವಳ ಮಡಿಲಲ್ಲಿತ್ತು. "ಒಂದು ಹಾಕ್ಕೊಂಡ್ರು. ಇನ್ನೊಂದಕ್ಕೆ ಬಗ್ಗಿದ್ರು. ಏಳಲಿಲ್ಲ. ಈಗ ಹಾಕೋಣ ಅಂದ್ರೆ ಕಾಲು ಬಗ್ಗಲ್ಲ ಅಂತಿದೆ."

ಮಗ ಸುತ್ತ ನೋಡಿದ. ಸಾವಿನ ಮನೆಗೆ ಬಂದವರಂತೆ ಒಬ್ಬರೂ ಕಾಣುತ್ತಿರಲಿಲ್ಲ. ಬೆಲ್ಟ್ ಅಂಗಡಿಯವನ ಹೆಗಲ ಮೇಲೆ ಸುರುಳಿ ಸುತ್ತಿದ ಹೊಸ ಬೆಲ್ಟು. ವೆಲ್ಡಿಂಗಿನವ ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡೇ ನಿಂತಿದ್ದ. ಮೂಲೆಯಲ್ಲಿ ಯಾರದೋ ಕೈಯಲ್ಲಿ ಗ್ರೀಸಿನ ಡಬ್ಬಿ. ಕೋಳಿಫಾರ್ಮಿನ ಅಕ್ಕ ಖಾಲಿ ಗೋಣಿಚೀಲಗಳ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಅಳುತ್ತಿದ್ದಳು. ಒಬ್ಬರ ಕೈಯಲ್ಲೂ ಒಂದು ಹೂವಿರಲಿಲ್ಲ.

"ನನಗೆ ಕೇಳ್ಸಿದ್ದೇ ಹಾಗೆ ಕಣೋ," ಎಂದ ಬೆಲ್ಟಿನವ. ಅವನ ಮೂಗು ಕೆಂಪಗಾಗಿತ್ತು. "ಬಾಯ್ಲರ್‌ನೋನು ಫೋನ್ ಮಾಡ್ದ. ಹಿಂದೆ ಸ್ಟೀಮು ಬುಸ್ ಅಂತಿತ್ತು. ‘ಮುದುಕಿ ಗಂಡ ಹೋದ’ ಅಂದ್ನಂತೆ. ‘ಗಂಡ’ನ್ನ ಸ್ಟೀಮು ನುಂಗ್ತು. ನನಗೆ ಮುದುಕಿ ಹೋದ್ಲು ಅಂತ ಕೇಳ್ತು. ಊರಿಗೆಲ್ಲ ನಾನೇ ಫೋನ್ ಮಾಡ್ದೆ. ನಿನಗೂ. ಆಮೇಲೆ ನಿಜ ಗೊತ್ತಾಗಿ ಮಾಡಿದ್ರೆ ನೀನು ಫೋನ್ ಆಫ್ ಮಾಡಿದ್ದೆ."

ಆಫ್ ಮಾಡಿದ್ದು ನಿಜ. ಮುದುಕಿ ಹೋದರೆ ಹೋಗಲಿ, ಸುಡುಗಾಡಿಗೆ ಹೋಗಲಿ ಎಂದು ಬೈದು ಫೋನನ್ನು ಸೀಟಿನ ಕೆಳಗೆ ಎಸೆದಿದ್ದ. ಬೈಯುತ್ತಲೇ ಗಾಡಿ ತಿರುಗಿಸಿದ್ದ. ಸ್ಪ್ಯಾನರನ್ನು ಪಕ್ಕದ ಸೀಟಿಗೆ ಎತ್ತಿಟ್ಟುಕೊಂಡಿದ್ದ.

ಬೆಲ್ಟಿನವ ಆ ಸ್ಪ್ಯಾನರನ್ನು ಅವನ ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡ.

*

ಮುದುಕಿ ಎಂದರೆ ಯಂತ್ರ. ಬೀಜ ಹಿಂಡಿ ಎಣ್ಣೆ ತೆಗೆಯುವ ಎಕ್ಸ್‌ಪೆಲರು. ಮಿಲ್ಲಿಗೆ ಬರುವ ಹೊತ್ತಿಗೇ ಅದು ಯಾರೋ ಬಳಸಿ ಬಿಟ್ಟ ಮಾಲು. ಶುರು ಮಾಡಿದೊಡನೆ ಕೆಮ್ಮುತ್ತಿತ್ತು, ನಿಲ್ಲಿಸಿದರೆ ನರಳುತ್ತಿತ್ತು. ಯಾರೋ ಮುದುಕಿ ಎಂದರು. ಹೆಸರು ನಿಂತಿತು. ಅದರ ಪಕ್ಕ ಬಿಟ್ಟು ಕದಲದ ಅಪ್ಪನಿಗೆ ಮುದುಕಿ ಗಂಡ ಎಂಬ ಹೆಸರು ಬಂತು. ಆಗ ಅಪ್ಪನಿಗೆ ಮೀಸೆ ಚಿಗುರುತ್ತಿದ್ದ ಪ್ರಾಯ.

"ಮದುವೆ ಆದಾಗ್ಲೇ ಗೊತ್ತಿತ್ತು ನನಗೆ," ಎನ್ನುತ್ತಿದ್ದಳು ಅಮ್ಮ, "ಮನೇಲಿ ಇರೋಳು ನಾನು, ಮನಸ್ಸಲ್ಲಿ ಇರೋಳು ಅವಳು." ಅವಳ ಬಾಯಲ್ಲಿ ಯಂತ್ರಕ್ಕೆ ಸವತಿ ಎಂದೇ ಹೆಸರು. ಸವತಿ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ಮಿಲ್ಲಿನ ಯಂತ್ರದ ಕೋಣೆಗೆ ಅವಳು ಒಂದು ದಿನವೂ ಕಾಲಿಟ್ಟವಳಲ್ಲ. ಊಟದ ಡಬ್ಬಿಯನ್ನು ಗೇಟಿನಲ್ಲೇ ಕೊಟ್ಟು ಬರುತ್ತಿದ್ದಳು. ಗೇಟಿನಿಂದ ಕೂಗಿದರೆ ಅಪ್ಪ ತಿರುಗುತ್ತಿರಲಿಲ್ಲ. ಯಾರಾದರೂ ಹೋಗಿ ಭುಜ ಮುಟ್ಟಿದರೆ, ಬೆನ್ನು ತಿರುಗಿಸದೆಯೇ ಒಂದು ಬೆರಳು ಎತ್ತುತ್ತಿದ್ದ. ತಾಳು, ಬಂದೆ ಎಂದು ಅರ್ಥ. "ಆ ಬೆರಳು ಇಳಿಯೋ ಹೊತ್ತಿಗೆ ಅನ್ನ ಕಲ್ಲಾಗಿರುತ್ತೆ," ಎಂದು ಅಮ್ಮ ಬೈಯುತ್ತಿದ್ದಳು.

ಆ ಬೀದಿಯ ತುಂಬ ಎಣ್ಣೆ ಮಿಲ್ಲುಗಳಿದ್ದ ಕಾಲವದು. ಸೂರ್ಯಕಾಂತಿ ಕೊಯ್ಲಿನ ದಿನಗಳಲ್ಲಿ ಗಾಡಿಗಳ ಸಾಲು ಸೇತುವೆಯ ತನಕ ನಿಲ್ಲುತ್ತಿತ್ತು. ಎಣ್ಣೆ ಊರಿನ ಅಡುಗೆಮನೆಗೆ, ಹಿಂಡಿ ಊರಿನ ದನ ಕೋಳಿಗಳಿಗೆ. ಆಮೇಲೆ ಬಂದರಿನ ಕಡೆಯಿಂದ ಡಬ್ಬದ ಎಣ್ಣೆ ಬಂತು. ಅಗ್ಗದ್ದು, ತಿಳಿಯಾದದ್ದು, ಮೂಗಿಗೆ ಏನೂ ವಾಸನೆ ಹೇಳದ್ದು. ಒಂದೊಂದೇ ಮಿಲ್ಲು ಬಾಗಿಲು ಹಾಕಿತು. ಒಂದು ಮದುವೆ ಹಾಲ್ ಆಯಿತು, ಒಂದು ಟೈರ್ ಗೋಡೌನ್ ಆಯಿತು. ಊರಿನ ಬೀಜ ಲಾರಿ ಹತ್ತಿ, ಹಡಗು ಹತ್ತಿ, ಯಾರೂ ಕಾಣದ ಕಡೆ ಹೋಗಿ ಹಿಂಡಿಸಿಕೊಂಡು, ಎಣ್ಣೆಯಾಗಿ ಹಡಗಿಳಿದು ವಾಪಸ್ಸು ಬರತೊಡಗಿತು. ಉಳಿದದ್ದು ಅಪ್ಪ ದುಡಿಯುತ್ತಿದ್ದ ಮಿಲ್ಲೊಂದೇ.

ಶಾಲೆ ಬಿಟ್ಟ ಮಗ ಅಪ್ಪನ ಜೊತೆ ಅಲ್ಲೇ ಕೆಲಸಕ್ಕೆ ನಿಂತ. ಬೀಜ ಬೇಯಿಸಲು ಬಿಟ್ಟರು, ಚೀಲ ಹೊಲಿಯಲು ಬಿಟ್ಟರು. ಕೋನಿನ ಹಿಡಿ ಮಾತ್ರ ಮುಟ್ಟಲು ಬಿಡಲಿಲ್ಲ. ಹಿಂಡಿ ಹೊರಬರುವ ಬಾಯಿಯನ್ನು ಕಿರಿದು ಹಿರಿದು ಮಾಡುವ ಹಿಡಿ ಅದು. ಸಡಿಲವಿದ್ದರೆ ಎಣ್ಣೆ ಹಿಂಡಿಯಲ್ಲೇ ಉಳಿಯುತ್ತದೆ. ಬಿಗಿ ಹೆಚ್ಚಾದರೆ ಮುದುಕಿಯ ಗಂಟಲು ಕಟ್ಟುತ್ತದೆ. ಮೋಟಾರಿನ ಭಾರ ತೋರಿಸುವ ಮುಳ್ಳು ಸತ್ತು ಎಷ್ಟೋ ಕಾಲವಾಗಿತ್ತು. ಹೊಸದು ಹಾಕಿಸಲು ಅಪ್ಪ ಒಪ್ಪಿರಲಿಲ್ಲ. ಸಿಗರೇಟು ಬಿಟ್ಟವನು ಬಾಯಿಚಪಲಕ್ಕೆ ಕಟ್ಟಿಗೆ ಕಚ್ಚುತ್ತಾನೆ ಎಂದು ಎಲ್ಲರೂ ನಗುತ್ತಿದ್ದ ಗೇಣುದ್ದದ ಒಂದು ಕೋಲನ್ನು ಹಲ್ಲಲ್ಲಿ ಹಿಡಿದು, ಯಂತ್ರದ ಮೇಲೆ ಒರಗಿಕೊಂಡು, ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ.

ಅಪ್ಪ ಊಟಕ್ಕೆ ಎದ್ದ ಒಂದು ದಿನ ಮಗ ಹಿಡಿ ಹಿಡಿದ. ಇನ್ನಷ್ಟು ಎಣ್ಣೆ ತೆಗೆದು ತೋರಿಸುವ ಹುರುಪು. ಬಿಗಿ ಮಾಡಿದ, ಇನ್ನೂ ಬಿಗಿ ಮಾಡಿದ. ಮುದುಕಿ ಒಮ್ಮೆ ನರಳಿದಳು. ನರಳುವುದು ಅವಳಿಗೆ ಹೊಸದೇ? ಮಗ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೆ ಏನೋ ಲಟ್ಟೆಂದು ಮುರಿಯಿತು.

ಕಲ್ಲಾಗಿ ಕೂತ ಹಿಂಡಿಯನ್ನು ಅಪ್ಪ ಉಳಿಯಿಂದ ಕೆತ್ತಿ ಕೆತ್ತಿ ತೆಗೆದ. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಇಡೀ ಮಿಲ್ಲಿನ ಮುಂದೆ ಹೇಳಿದ: "ನಿನಗೆ ಕೈ ಇದೆ. ಕಿವಿ ಇಲ್ಲ."

*

ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಬಂತು. ಅಪ್ಪನನ್ನು ಅದರಲ್ಲಿಟ್ಟರು. ಚಿಕ್ಕಪ್ಪ ಆ ಕಪ್ಪು ಕೋಲನ್ನು ಹುಡುಕಿ ತಂದು ಅಣ್ಣನ ಅಂಗಿಯ ಜೇಬಿಗೆ ಸಿಕ್ಕಿಸಿದ. "ಬಾಯಲ್ಲಿ ಇದಿಲ್ದೆ ಅಣ್ಣನ್ನ ಯಾರೂ ಗುರುತು ಹಿಡಿಯಲ್ಲ," ಎಂದು ನಗಲು ಹೋಗಿ ಅತ್ತ.

ಆದರೆ ಆ ಮನೆಯಲ್ಲಿ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಬಂದವರೆಲ್ಲ ಕೂತಲ್ಲಿ ಕೂರುತ್ತಿರಲಿಲ್ಲ. ಪೆಟ್ಟಿಗೆಯ ಕಡೆ ಒಂದು ಕಣ್ಣು, ಕಿಟಕಿಯಾಚೆ ಮಿಲ್ಲಿನ ಚಿಮಣಿಯ ಕಡೆ ಇನ್ನೊಂದು. ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು.

ಬಾಯ್ಲರ್‌ನವನು ಹಿಂಬಾಗಿಲಿಂದ ಬಂದ. ಮುಖವೆಲ್ಲ ಮಸಿ, ಮಸಿಯ ಮೇಲೆ ಕಣ್ಣೀರಿನ ದಾರಿ.

"ಸ್ಟೀಮು ಏರಿದೆ," ಎಂದು ಪೆಟ್ಟಿಗೆಯ ಕಡೆ ನೋಡುತ್ತ ಯಾರಿಗೆಂದಿಲ್ಲದೆ ಹೇಳಿದ. "ಇವತ್ತು ಬೆಳಗ್ಗೆನೇ ಶುರು ಮಾಡೋಣ ಅಂದಿದ್ರು ಇವರು. ಏನ್ಮಾಡ್ಲಿ? ಆರಿಸ್ಲಾ, ಇಟ್ಕೊಳ್ಲಾ?"

ಎಲ್ಲರೂ ಮೈಕಿನ ಕಡೆ ನೋಡಿದರು. ಮೈಕು ಎಂದರೆ ಬೆಳೆಗಾರರ ಸಂಘದ ಅಧ್ಯಕ್ಷ. ಸ್ವಂತ ಹೆಂಡತಿಯ ಹತ್ತಿರ ಉಪ್ಪು ಕೇಳುವಾಗಲೂ ಸಭೆಗೆ ಮಾತಾಡಿದಂತೆ ಮಾತಾಡುವವನು. ಬೀಜ ಕೊಟ್ಟು ಎಣ್ಣೆಗೆ ಕೈಚಾಚುವುದು ಸಾಕು ಎಂದು ಬೆಳೆಗಾರರನ್ನು ಕಟ್ಟಿ, ಮಗ ಊರು ಬಿಟ್ಟ ಮೇಲೆ ಮುಚ್ಚಿಹೋಗಿದ್ದ ಆ ಕೊನೆಯ ಮಿಲ್ಲನ್ನು ಬಾಡಿಗೆಗೆ ಹಿಡಿದು, ಅಪ್ಪನ ಕೈಯಲ್ಲಿ ಮುದುಕಿಯನ್ನು ಬಿಚ್ಚಿಸಿ ಜೋಡಿಸಿದವನು ಅವನೇ. ಊರಿನ ಅರ್ಧ ಹೊಲದ ಸೂರ್ಯಕಾಂತಿ ಈಗ ಮಿಲ್ಲಿನ ಗೋಡೌನಿನಲ್ಲಿತ್ತು.

"ಆತ್ಮೀಯರೇ," ಎಂದು ಶುರು ಮಾಡಿದ ಮೈಕು ಮಾಮೂಲಿ ದನಿಗೆ ಇಳಿದ. "ಬೀಜ ಕಾವು ಹಿಡ್ದಿದೆ. ಕೊಯ್ಲಿಗೆ ಮಳೆ ಸಿಕ್ಕಿತ್ತಲ್ಲ, ಹಸಿ ಹೋಗಿರ್ಲಿಲ್ಲ. ನಿನ್ನೆ ರಾಶಿಗೆ ಕೈ ಹಾಕಿದ್ರೆ ಬೆಚ್ಚಗಿತ್ತು. ಇವತ್ತು ಇನ್ನೂ ಬಿಸಿ ಏರಿದೆ. ಇವತ್ತು ಹಿಂಡದೇ ಹೋದ್ರೆ ಎಣ್ಣೆ ಹುಳಿ. ಆಮೇಲೆ ಹಿಂಡಿದ್ದನ್ನ ಹಂದೀನೂ ಮೂಸಲ್ಲ."

"ಮತ್ತೆ ಗೇಟಲ್ಲಿ ನಿಂತಿರೋ ಲಾರಿಗಳು?" ಎಂದಳು ಕೋಳಿ ಅಕ್ಕ.

"ದಲ್ಲಾಳೀದು. ಸಾವಿನ ಸುದ್ದಿ ಅವನಿಗೆ ನಮಗಿಂತ ಮೊದಲೇ ಸಿಕ್ಕಿದೆ. ‘ಕಾವು ಹಿಡ್ದಿದ್ರೂ ಪರವಾಗಿಲ್ಲ, ಹಾಗೇ ತುಂಬಿಕೊಂಡು ಹೋಗ್ತೀವಿ’ ಅಂದ. ಬೀಜ ಕೊಟ್ಟಾದ್ಮೇಲೆ ಮಿಲ್ಲೂ ಬಿಟ್ಕೊಡಿ ಅಂತಾನೆ. ಡಬ್ಬ ಇಡೋಕೆ ಗೋಡೌನ್ ಬೇಕಂತೆ. ಮುದುಕೀನ ಗುಜರಿಯವನು ಆಗ್ಲೇ ಬಂದು ನೋಡ್ಕೊಂಡು ಹೋಗಿದ್ದಾನೆ."

"ನನ್ನ ಕೋಳಿ ಹೊಟ್ಟೆಗೆ?" ಎಂದು ಕೋಳಿ ಅಕ್ಕ ಗೋಣಿಚೀಲದ ಕಟ್ಟನ್ನು ನೆಲಕ್ಕೆ ಒಗೆದಳು. "ನಮ್ಮೂರ ಹೊಲದಲ್ಲಿ ಬೆಳೆಯೋದು, ನಮ್ಮೂರ ಕೋಳಿ ತಿನ್ನೋದು, ಮಧ್ಯೆ ಸಮುದ್ರ ಸುತ್ತಿ ಬರಬೇಕಾ? ಹಡಗು ಒಂದು ವಾರ ತಡ ಆದ್ರೆ ನನ್ನ ಕೋಳಿಗಳು ಒಂದರ ಪುಕ್ಕ ಇನ್ನೊಂದು ಕಿತ್ಕೊಂಡು ತಿಂತವೆ. ನೋಡಿದೀನಿ ನಾನು."

"ಮೆತ್ತಗೆ ಕಣಕ್ಕ. ಹೆಣ ಇದೆ."

"ಹೆಣಕ್ಕೂ ಗೊತ್ತಿರೋ ಮಾತೇ ಹೇಳ್ತಿದೀನಿ."

ಮಗ ಕಿಟಕಿಯ ಹತ್ತಿರ ನಿಂತಿದ್ದ. ಬೀದಿಯ ತುದಿಯಲ್ಲಿ ಅವನ ಟ್ಯಾಂಕರು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹೊಟ್ಟೆ ತುಂಬ ಬಂದರಿನ ಎಣ್ಣೆ. ದಲ್ಲಾಳಿ ಯಾವ ಕಂಪನಿಗೆ ಬೀಜ ಕೊಡುತ್ತಾನೋ ಅದೇ ಕಂಪನಿಯ ಗಾಡಿ. ಇವನು ತರುವುದನ್ನು ಅಪ್ಪ ಬಾಯಿಗೆ ಹಾಕಿದವನಲ್ಲ. ಇವನೂ ಅದಕ್ಕೆ ಅಪ್ಪನನ್ನು ಕ್ಷಮಿಸಿದವನಲ್ಲ.

ಯಾರೂ ಅವನ ಹೆಸರು ಎತ್ತಲಿಲ್ಲ. ಆದರೆ ಒಬ್ಬೊಬ್ಬರಾಗಿ ಅವನ ಕಡೆ ನೋಡಿ ಕಣ್ಣು ತಪ್ಪಿಸಿದರು. ಆ ಯಂತ್ರದ ಪಕ್ಕ ನಿಂತು ಬೆಳೆದವನು ಊರಿನಲ್ಲಿ ಅವನೊಬ್ಬನೇ ಉಳಿದಿದ್ದ. ಅದನ್ನು ಮುರಿದವನೂ ಅವನೊಬ್ಬನೇ.

"ನನ್ನ ಕಡೆ ಏನ್ ನೋಡ್ತೀರ?" ಎಂದ ಮಗ. "ನನಗೆ ಕಿವಿ ಇಲ್ಲ. ಅವರೇ ಹೇಳಿದ್ದಾರೆ, ನೀವೇ ಕೇಳ್ಸ್ಕೊಂಡಿದೀರ."

ಮಾತು ಬಿಗಿಯಾಯಿತೆಂದು ಪಕ್ಕದ ಮನೆಯಾಕೆ ಅಮ್ಮನ ಕೈ ಹಿಡಿದು ಬೇರೆ ಮಾತು ತೆಗೆದಳು. "ಪಾಪ, ಇನ್ನು ಮನೆ ಬಿಕೋ ಅನ್ನುತ್ತೆ ನಿನಗೆ. ದಿನಾ ಸಂಜೆ ನೀವಿಬ್ರೂ ಜಗಳ ಆಡ್ತಿದ್ರೆ ನಮ್ಮ ಮನೆ ಪಾತ್ರೆ ಅಲ್ಲಾಡೋವು. ಜಗಳ ಆಡೋಕೂ ಒಬ್ಬರು ಬೇಕಲ್ಲ ಮನುಷ್ಯಂಗೆ."

ಅಮ್ಮ ತಲೆ ಎತ್ತಿದಳು. "ಯಾವ ಜಗಳ?"

"ಅಯ್ಯೋ, ಆ ಕೂಗಾಟ..."

"ನಾವು ಯಾವತ್ತು ಜಗಳ ಆಡಿದೀವಿ? ‘ಊಟ ಮಾಡಿ’ ಅಂತಿದ್ದೆ. ‘ಅಂಗಿ ಒಗ್ದಿದೀನಿ’ ಅಂತಿದ್ದೆ. ಅವರಿಗೆ ಕೇಳ್ಲಿ ಅಂತ ಕೂಗ್ತಿದ್ದೆ ಅಷ್ಟೇ."

ಕೋಣೆಯಲ್ಲಿ ಗ್ರೀಸಿನ ಡಬ್ಬಿ ಯಾರದೋ ಕೈ ಜಾರಿ ಉರುಳಿ ಗೋಡೆಗೆ ತಾಗಿ ನಿಂತಿತು.

"ಏನ್ ಕೇಳ್ಲಿ ಅಂತ?" ಎಂದ ಮಗ.

ಅಮ್ಮ ಬೂಟಿನ ಲೇಸನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಇನ್ಯಾರಿಗೋಸ್ಕರ ಮುಚ್ಚಿಡ್ಬೇಕು. ಅವರಿಗೆ ಕಿವಿ ಕೇಳ್ತಿರ್ಲಿಲ್ಲ ಕಣಪ್ಪಾ. ಅವಳ ಪಕ್ಕ ನಿಂತೂ ನಿಂತೂ ಹೋಯ್ತು. ನೀನು ತೊಟ್ಟಿಲಲ್ಲಿ ಅಳೋವಾಗ್ಲೇ ಒಂದು ಕಿವಿ ಹೋಗಿತ್ತು. ನೀನು ಮಿಲ್ಲಿಗೆ ಬರೋ ಹೊತ್ತಿಗೆ ಎರಡೂ. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ಕಿವುಡ ಅಂತ ಗೊತ್ತಾದ್ರೆ ಮುದುಕಿ ಹತ್ರ ಬಿಡಲ್ಲ ಅಂತ. ಮುಖ ಎದುರಿಗಿದ್ರೆ ತುಟಿ ನೋಡಿ ಅರ್ಥ ಮಾಡ್ಕೊಳ್ತಿದ್ರು. ಹಿಂದಿನಿಂದ ಮಾತಾಡಿದ್ರೆ ಏನೂ ಇಲ್ಲ, ಗೋಡೆ."

"ನನಗೂ ಹೇಳ್ಬಾರ್ದಾಗಿತ್ತಾ?"

"ನಿನಗಂತೂ ಹೇಳ್ಲೇಬಾರ್ದು ಅಂದಿದ್ರು. ‘ಗೊತ್ತಾದ್ರೆ ಅವನೇ ಅವಳ ಪಕ್ಕ ನಿಂತುಬಿಡ್ತಾನೆ. ನನ್ನ ಕಿವಿ ಅವನಿಗೆ ಬರದೇ ಇರ್ಲಿ’ ಅಂತಿದ್ರು."

ಮಗ ಪೆಟ್ಟಿಗೆಯ ಕಡೆ ನೋಡಿದ. ಅವನಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಮೇಜಿನ ಕಾಲನ್ನು ಒದೆಯಬೇಕೆನಿಸುವ ಸಿಟ್ಟು.

*

ಮಿಲ್ಲು ಬಿಟ್ಟು ಹೋದ ದಿನ ಅವನು ಚೀಲ ಹೆಗಲಿಗೇರಿಸಿ ನೇರ ಯಂತ್ರದ ಕೋಣೆಗೆ ಹೋಗಿದ್ದ. ಮುದುಕಿ ಓಡುತ್ತಿದ್ದಳು. ಅಪ್ಪ ಅವಳ ಮೇಲೆ ಒರಗಿ ನಿಂತಿದ್ದ, ಈ ಕಡೆಗೆ ಬೆನ್ನು.

"ಅಪ್ಪಾ, ಹೋಗ್ತಾ ಇದೀನಿ," ಎಂದಿದ್ದ.

ಬೆನ್ನು ಕದಲಲಿಲ್ಲ.

"ತಪ್ಪು ನಂದೇ. ಇರು ಅಂದ್ರೆ ಇರ್ತೀನಿ. ಒಂದು ಮಾತು ಹೇಳು ಸಾಕು."

ಇಷ್ಟು ಹೇಳಲು ಅವನು ರಾತ್ರಿಯೆಲ್ಲ ಹೊರಳಾಡಿದ್ದ. ಕಾದ. ನೆಲದ ಮೇಲೆ ಅವನ ನೆರಳು ಅಪ್ಪನ ಪಾದದವರೆಗೆ ಚಾಚಿತ್ತು. ಅಪ್ಪ ನೆರಳನ್ನು ನೋಡಿರಬೇಕು. ತಿರುಗದೆಯೇ ಒಂದು ಬೆರಳು ಎತ್ತಿದ. ಕೈಬೀಸಿ ನಾಯಿಯನ್ನು ಓಡಿಸಿದ ಹಾಗೆ ಕಂಡಿತು ಮಗನಿಗೆ. ಅವನು ಆ ಬೆರಳು ಇಳಿಯುವ ತನಕ ನಿಲ್ಲಲಿಲ್ಲ.

ಆಮೇಲೆ ಎಷ್ಟು ಸಲ ಮನೆಗೆ ಫೋನ್ ಮಾಡಿದರೂ ಅಪ್ಪ "ಹ್ಞಾಂ, ಹ್ಞಾಂ, ಅಮ್ಮಂಗೆ ಕೊಡ್ತೀನಿ" ಎನ್ನುತ್ತಿದ್ದ. ಲಾರಿ ಸ್ಟ್ಯಾಂಡಿನಲ್ಲಿ ಯಾರಾದರೂ ಅಪ್ಪನ ಬಗ್ಗೆ ಕೇಳಿದರೆ ಮಗ ಒಂದೇ ಮಾತು ಹೇಳುತ್ತಿದ್ದ: "ನನಗೆ ಅವರು ಮುಖ ಕೊಟ್ಟು ಮಾತಾಡಲ್ಲ."

*

ಪೆಟ್ಟಿಗೆಯ ವ್ಯಾನು ಮಿಲ್ಲಿನ ಗೇಟಿನ ಹತ್ತಿರ ಬಂದು ನಿಂತಿತು. ಸ್ಮಶಾನಕ್ಕೆ ಇದ್ದದ್ದು ಅದೊಂದೇ ದಾರಿ, ದಾರಿಗೆ ಅಡ್ಡ ದಲ್ಲಾಳಿಯ ಲಾರಿಗಳು. ಹಾರ್ನ್ ಹೊಡೆಯಲು ವ್ಯಾನಿನವನಿಗೆ ಮನಸ್ಸು ಬರಲಿಲ್ಲ. ಹೆಣ ಇಟ್ಟುಕೊಂಡು ಹಾರ್ನ್ ಹೊಡೆಯುವುದು ಹೇಗೆ?

ದಲ್ಲಾಳಿ ಕೈಮುಗಿದುಕೊಂಡೇ ಬಂದ. "ದೊಡ್ಡ ಮನುಷ್ಯರು. ಅಂಥೋರು ಸಿಗಲ್ಲ ಬಿಡಿ. ಆದ್ರೆ ಬೀಜ ಕಾಯಲ್ಲ ನೋಡಿ."

"ಹೆಣಾನೂ ಕಾಯಲ್ಲ," ಎಂದ ಮಗ. "ಲಾರಿ ತೆಗೀರಿ."

"ತೆಗ್ಯೋಣ. ಅಧ್ಯಕ್ಷರು ಹ್ಞೂಂ ಅಂದ್ರೆ ತುಂಬ್ಕೊಂಡೇ ತೆಗೆದುಬಿಡೋಣ. ಎಲ್ರಿಗೂ ಒಳ್ಳೇದು."

ಮೈಕು ನೆಲ ನೋಡಿದ. ಅವನ ಹಿಂದೆ ನಿಂತಿದ್ದ ಬೆಳೆಗಾರರೂ ನೆಲ ನೋಡಿದರು. ಅವರ ಬಾಯಿಂದ ಹ್ಞೂಂ ಹೊರಡಲು ಇನ್ನೊಂದು ಉಸಿರು ಸಾಕಿತ್ತು.

ಮಗ ಅವರನ್ನು ದಾಟಿ ಗೋಡೌನಿನ ಒಳಗೆ ಹೋದ. ಬೀಜದ ರಾಶಿ ಕಪ್ಪಗೆ, ಸುಮ್ಮನೆ ಬಿದ್ದಿತ್ತು. ಮೊಣಕೈ ಮುಳುಗುವ ತನಕ ಕೈ ತೂರಿಸಿದ. ಜ್ವರ ಬಂದ ಮಗುವಿನ ಕಂಕುಳಲ್ಲಿ ಕೈ ಇಟ್ಟ ಹಾಗಿತ್ತು. ಕೈ ತೆಗೆದು ಮೂಸಿದ. ಹುಳಿ ಇನ್ನೂ ಹತ್ತಿರಲಿಲ್ಲ. ಹತ್ತುವುದರಲ್ಲಿತ್ತು.

ಹೊರಗೆ ಬಂದು ಬಾಯ್ಲರ್‌ನವನಿಗೆ ಹೇಳಿದ: "ಸ್ಟೀಮು ಬಿಡು."

"ಏನೋ ಇದು?" ಎಂದು ಚಿಕ್ಕಪ್ಪ ಅವನ ತೋಳು ಹಿಡಿದ. "ಅಣ್ಣನ್ನ ಬೀದೀಲಿ ಬಿಟ್ಟು ಎಣ್ಣೆ ತೆಗೀತೀಯಾ? ಜನ ಏನಂದಾರು?"

"ಅವರು ನಮ್ಮನ್ನೆಲ್ಲ ಬೀದೀಲಿ ಬಿಟ್ಟು ತೆಗೀತಿರ್ಲಿಲ್ವಾ?"

"ನೀನು ನಮ್ಮ ಕಂಪನಿ ಗಾಡಿ ಓಡ್ಸೋನು," ಎಂದ ದಲ್ಲಾಳಿ. ಮುಗಿದ ಕೈ ಈಗ ಬಿಡಿಸಿಕೊಂಡಿತ್ತು. "ನೆನಪಿರ್ಲಿ."

"ಇವತ್ತು ರಜಾ. ಅಪ್ಪ ಸತ್ತಿದ್ದಾರೆ."

ಬೆಲ್ಟಿನವ ಹೆಗಲ ಮೇಲಿನ ಬೆಲ್ಟನ್ನು ಇಳಿಸಿಯೇ ಇರಲಿಲ್ಲ. ಅದೇ ಬೆಲ್ಟು ಮೋಟಾರಿಗೆ ಏರಿತು. ಗ್ರೀಸಿನ ಡಬ್ಬಿ ಬಂತು. ವೆಲ್ಡಿಂಗಿನವ ಕೇಳದೆಯೇ ಬೀಜದ ಬುಟ್ಟಿ ಹೊತ್ತ. ಕೋಳಿ ಅಕ್ಕ ಗೋಣಿಚೀಲದ ಬಾಯಿ ಅಗಲಿಸಿ ಹಿಂಡಿಯ ಬಾಯಿಯ ಕೆಳಗೆ ಹಿಡಿದು ಕೂತುಬಿಟ್ಟಳು. ಬೆಳಿಗ್ಗೆ ತಪ್ಪು ಕೇಳಿಸಿಕೊಂಡು ಬಂದ ಜನ ಒಬ್ಬರಿಗೊಬ್ಬರು ಏನೂ ಹೇಳದೆ ತಂತಮ್ಮ ಜಾಗಕ್ಕೆ ನಿಂತರು.

ಮುದುಕಿ ಕೆಮ್ಮಿದಳು. ಬೆಲ್ಟು ಪಟಪಟ ಬಡಿಯಿತು. ಬೆಂದ ಬೀಜ ಬಾಯಿಗೆ ಬೀಳುತ್ತಿದ್ದಂತೆ ಅಡಿಯಲ್ಲಿ ಒಂದು ಹನಿ, ಇನ್ನೊಂದು ಹನಿ. ಹಿಂಡಿಯ ಬಾಯಿಯಿಂದ ಒದ್ದೆ ಮರಳಿನಂಥ ಪುಡಿ ಉದುರಿತು. ಸಡಿಲವಾಗಿದೆ. ಮಗ ಕೋನಿನ ಹಿಡಿ ತಿರುಗಿಸಿದ.

"ಇನ್ನೂ ಬಿಗಿ ಮಾಡೋ!" ಎಂದು ಒಬ್ಬ ಕೂಗಿದ.

"ಸಾಕು, ಸಾಕು, ಮುರೀತಾಳೆ!" ಎಂದು ಇನ್ನೊಬ್ಬ.

ಮೋಟಾರು, ಬೆಲ್ಟು, ಸ್ಟೀಮು, ಜನ. ಎಲ್ಲದರ ನಡುವೆ ಮುದುಕಿ ಒಮ್ಮೆ ನರಳಿದಳು. ಅಂದಿನ ನರಳಿಕೆಯೋ, ದಿನದ ನರಳಿಕೆಯೋ? ಅವನ ಅಂಗೈ ಬೆವರಿ ಹಿಡಿ ಜಾರಿತು. ಕಿವಿ ಅಗಲಿಸಿ ಕೇಳಿದಷ್ಟೂ ಬರೀ ಗದ್ದಲ. ಬಾಗಿಲಲ್ಲಿ ದಲ್ಲಾಳಿ ನಿಂತು ನೋಡುತ್ತಿದ್ದ, ಆತುರವಿಲ್ಲದವನಂತೆ.

ಮಗ ಬೀಜ ಬೀಳುವುದನ್ನು ತಡೆದು, ಹೊರಗೆ ಓಡಿ, ಅಮ್ಮ ಕೂತಿದ್ದ ವ್ಯಾನಿನ ಕಿಟಕಿಗೆ ಮುಖ ಹಾಕಿದ.

"ಅಮ್ಮಾ, ಕಿವಿ ಕೇಳ್ದೆ ಅವಳನ್ನ ಹೇಗೆ ನಡೆಸ್ತಿದ್ರು?"

ಅಮ್ಮ ತನ್ನ ಹಲ್ಲು ಮುಟ್ಟಿ ತೋರಿಸಿದಳು. "ಇದರಲ್ಲಿ. ಕೋಲಿನ ಒಂದು ತುದಿ ಅವಳ ಮೈಗೆ, ಇನ್ನೊಂದು ಹಲ್ಲಿಗೆ. ಕಿವಿಯಲ್ಲಿ ಕೇಳೋನು ಗದ್ದಲ ಕೇಳ್ತಾನೆ, ಹಲ್ಲಲ್ಲಿ ಅವಳೊಬ್ಬಳೇ ಕೇಳ್ತಾಳೆ ಅಂತಿದ್ರು. ನಾನು ಸವತಿ ಮುತ್ತಿಡ್ತಿದ್ದಾಳೆ ಅಂತ ಬೈತಿದ್ದೆ."

ಮಗ ವ್ಯಾನಿನ ಹಿಂಬಾಗಿಲು ತೆಗೆದು ಪೆಟ್ಟಿಗೆಯ ಮುಚ್ಚಳ ಎತ್ತಿದ.

"ಅಯ್ಯಯ್ಯೋ, ಹೆಣದ ಜೇಬಿಗೆ ಕೈ ಹಾಕ್ತಾನಲ್ರೋ!" ಎಂದು ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತ.

ಅಪ್ಪನ ಎದೆ ತಣ್ಣಗೆ ಬೆರಳಿಗೆ ತಾಗಿತು. ಕೋಲು ಎಣ್ಣೆ ಕುಡಿದು ಕಬ್ಬಿಣದಷ್ಟು ಕಪ್ಪಾಗಿತ್ತು. ಒಂದು ತುದಿ ಉಜ್ಜಿ ಉಜ್ಜಿ ನುಣುಪಾಗಿತ್ತು, ಇನ್ನೊಂದರಲ್ಲಿ ಹಲ್ಲಿನ ಗುರುತುಗಳು ಕುಳಿಯಂತೆ ಆಳವಾಗಿದ್ದವು.

ಅವನು ನುಣುಪು ತುದಿಯನ್ನು ಮುದುಕಿಯ ಮೈಗೆ ಒತ್ತಿ, ಒರಗಿ, ಆ ಕುಳಿಗಳಲ್ಲಿ ತನ್ನ ಹಲ್ಲು ಕೂರಿಸಿ ಕಚ್ಚಿದ. ಹಳೆ ಎಣ್ಣೆಯ ರುಚಿ. ಜನ, ಬೆಲ್ಟು, ಸ್ಟೀಮು ಎಲ್ಲ ಎಲ್ಲೋ ಗೋಡೆಯಾಚೆಗೆ ಸರಿದವು. ದವಡೆಯಿಂದ ನೆತ್ತಿಗೆ ಒಂದೇ ಒಂದು ಸದ್ದು ಏರಿ ಬಂತು: ಧಪ್, ಸರ್. ಧಪ್, ಸರ್. ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದಕ್ಕೆ ಹಾಕದೆ ಯಾರೋ ನಡೆಯುತ್ತಿದ್ದ ಹಾಗೆ.

ಬೀಜ ಬಿಡಲು ಕೈ ಸನ್ನೆ ಮಾಡಿದ. ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಹೆಜ್ಜೆ ಕುಂಟಿತು. ಇನ್ನೊಂದು ಎಳೆ ಹಿಂದಕ್ಕೆ. ಇನ್ನೂ ಕುಂಟು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಯಾವಾಗಲೋ ಎರಡೂ ಹೆಜ್ಜೆ ಒಂದೇ ತೂಕಕ್ಕೆ ಬಿದ್ದವು. ಧಪ್, ಧಪ್, ಧಪ್.

ಕೋಳಿ ಅಕ್ಕನ ಗೋಣಿಚೀಲಕ್ಕೆ ಮುರಿದ ಹೆಂಚಿನ ಚೂರುಗಳಂತೆ ಹಿಂಡಿ ಬೀಳತೊಡಗಿತು, ಬಿಸಿ, ಹೊಗೆಯಾಡುತ್ತ. ಅವಳು ಬಾಯಿ ದೊಡ್ಡದು ಮಾಡಿ ಏನೋ ಕೂಗಿದಳು. ಮೈಕು ಎರಡೂ ಕೈ ಎತ್ತಿ ಏನೋ ಕೂಗಿದ. ಬಾಗಿಲಲ್ಲಿ ದಲ್ಲಾಳಿ ಇರಲಿಲ್ಲ.

ಮಗನಿಗೆ ಯಾವುದೂ ಕೇಳಿಸಲಿಲ್ಲ. ಆ ಹೆಜ್ಜೆ ತಪ್ಪದಂತೆ ಕಾಯುವುದೇ ಕೆಲಸವಾಗಿತ್ತು.

ಅಮ್ಮ ಬಾಗಿಲಿಗೆ ಬಂದು ನಿಂತಿದ್ದು ಅವನಿಗೆ ಗೊತ್ತಾಗಲಿಲ್ಲ. ಹೊಸ್ತಿಲಲ್ಲಿ ಅವಳು ಸ್ವಲ್ಪ ತಡೆದಳು. ಆಮೇಲೆ ದಾಟಿದಳು. ಲಾರಿಗಳು ದಾರಿ ಬಿಟ್ಟಿದ್ದವು. ಅವಳು ಅವನ ಬೆನ್ನ ಹಿಂದೆ ನಿಂತು ಒಮ್ಮೆ ಕರೆದಳು. ಇನ್ನೊಮ್ಮೆ ಕರೆದಳು.

ಮೂರನೆಯ ಸಲ ಕರೆಯಲಿಲ್ಲ. ಎಣ್ಣೆ ಜಿ‌ನುಗಿದ ನೆಲದ ಮೇಲೆ ಜಾರದಂತೆ ಹೆಜ್ಜೆಯಿಟ್ಟು, ಮುದುಕಿಯನ್ನು ಬಳಸಿಕೊಂಡು ಆ ಕಡೆಗೆ ಹೋದಳು. ಅವನ ಎದುರಿಗೆ ನಿಂತು, ಮುಖಕ್ಕೆ ಮುಖ ಕೊಟ್ಟು, ತುಟಿಗಳನ್ನು ನಿಧಾನವಾಗಿ ಅಗಲಿಸಿ ಹೇಳಿದಳು:

"ದಾರಿ ಆಯ್ತು. ಹೊರಡೋಣ್ವಾ?"

ಮಗ ಕೋಲನ್ನು ಬಿಡಲಿಲ್ಲ. ಹಿಡಿಯ ಮೇಲಿನ ಕೈ ಕದಲಿಸಲಿಲ್ಲ. ಇನ್ನೊಂದು ಕೈಯ ಒಂದು ಬೆರಳು ಎತ್ತಿದ.

ಅಮ್ಮ ಆ ಬೆರಳನ್ನೇ ನೋಡಿದಳು. ಎಡಗಾಲಿನ ಬೂಟನ್ನು ಎದೆಗೆ ಅವುಚಿಕೊಂಡು, ಬೆರಳು ಇಳಿಯುವುದನ್ನು ಕಾಯುತ್ತ, ಅಲ್ಲೇ ನಿಂತಳು.